ಭೂತಾಪ ಏರಿಕೆ: ಮೂರು ಸಂದೇಹಗಳು, ಮೂರು ತೀರ್ಪುಗಳು

ಭೂಮಿ ಬಿಸಿಯಾಗುತ್ತಿದೆ ಎಂಬ ವಿಜ್ಞಾನಿಗಳ ಎಚ್ಚರಿಕೆಗೆ ಸಮಾಜದಿಂದ ಬರುವ ಪ್ರತಿಕ್ರಿಯೆ ಒಂದೇ ಬಗೆಯದಲ್ಲ. ಏಪ್ರಿಲ್‌ನ ಧಗೆ ತಾಳಲಾರದಾದಾಗ ‘ಇದೆಲ್ಲ ಭೂತಾಪ ಏರಿಕೆಯ ಫಲ’ ಎನ್ನುವವರೇ, ಡಿಸೆಂಬರ್‌ನಲ್ಲಿ ಚಳಿ ತುಸು ಹೆಚ್ಚಾದರೆ ‘ಎಲ್ಲಿ ಹೋಯಿತು ಆ ಬಿಸಿ?’ ಎಂದು ಕೇಳುತ್ತಾರೆ. ಬಡ ರಾಷ್ಟ್ರಗಳ ಬೆಳವಣಿಗೆಗೆ ತಡೆಯೊಡ್ಡಲು ಶ್ರೀಮಂತ ರಾಷ್ಟ್ರಗಳು ಹೂಡಿದ ತಂತ್ರವಿದು ಎಂಬ ಗುಮಾನಿಯೂ ನಮ್ಮಲ್ಲಿ ಹೊಸದಲ್ಲ. ಅಮೆರಿಕದಲ್ಲಂತೂ ಈ ವಿವಾದ ರಾಜಕೀಯವನ್ನೇ ಇಬ್ಭಾಗ ಮಾಡಿದೆ. ಪ್ಯಾರಿಸ್ ಒಪ್ಪಂದದಿಂದ ಹೊರನಡೆಯುವುದಾಗಿ ಆ ದೇಶ 2017ರಲ್ಲಿ ಘೋಷಿಸಿತು, 2021ರಲ್ಲಿ ಮರಳಿ ಸೇರಿತು, 2025ರ ಜನವರಿಯಲ್ಲಿ ಮತ್ತೊಮ್ಮೆ ಹೊರನಡೆಯುವ ಆದೇಶ ಹೊರಡಿಸಿತು.

ಸಂದೇಹಪಡುವುದು ಅಪರಾಧವಲ್ಲ. ವಿಜ್ಞಾನ ಬೆಳೆದು ಬಂದಿರುವುದೇ ಸಂದೇಹದ ದಾರಿಯಲ್ಲಿ. ಆದರೆ ಎಲ್ಲ ಸಂದೇಹಗಳೂ ಒಂದೇ ತೂಕದವಲ್ಲ. ಯಾವ ಸಂದೇಹವನ್ನು ಗೌರವಿಸಬೇಕು, ಯಾವುದನ್ನು ಬದಿಗಿಡಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಬಹು ದೂರ ಹೋಗಬೇಕಾಗಿಲ್ಲ. 1991ರಿಂದ 2011ರವರೆಗಿನ ಎರಡು ದಶಕಗಳಲ್ಲಿ ಭಾರತದ ವಿಜ್ಞಾನಿಗಳೇ ಜಾಗತಿಕ ಹವಾಮಾನ ವಿಜ್ಞಾನದ ಮುಂದೆ ಮೂರು ದೊಡ್ಡ ಸಂದೇಹಗಳನ್ನಿಟ್ಟರು. ಒಂದು ಗದ್ದೆಯದು, ಒಂದು ಹಿಮನದಿಯದು, ಮತ್ತೊಂದು ಆಕಾಶದ್ದು. ಮೂರಕ್ಕೂ ದೊರೆತ ತೀರ್ಪು ಬೇರೆ ಬೇರೆ.

ವಿವಾದಕ್ಕೆ ಮುನ್ನ ವಿಜ್ಞಾನ

ಮೊದಲು ವಿವಾದದ ಆಚೆಗಿರುವ ಸಂಗತಿಗಳನ್ನು ಗಮನಿಸೋಣ. ವಾತಾವರಣದ ಕೆಲವು ಅನಿಲಗಳು ಭೂಮಿಯಿಂದ ಹೊರಹೊಮ್ಮುವ ಶಾಖವನ್ನು ಹೀರಿಕೊಳ್ಳುತ್ತವೆ ಎಂಬುದನ್ನು ಜಾನ್ ಟಿಂಡಾಲ್ 1859ರಲ್ಲಿಯೇ ಪ್ರಯೋಗದ ಮೂಲಕ ತೋರಿಸಿದರು. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿಯ ಉಷ್ಣಾಂಶ ಎಷ್ಟು ಏರಬಹುದೆಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿ ಲೆಕ್ಕ ಹಾಕಿದರು. ಅಂದರೆ ಈ ವಿಚಾರ ಇಂದಿನ ಯಾವ ಸರ್ಕಾರಕ್ಕಿಂತಲೂ, ಯಾವ ಒಪ್ಪಂದಕ್ಕಿಂತಲೂ ಹಳೆಯದು.

1958ರಲ್ಲಿ ಅಮೆರಿಕದ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯನ್ನು ನಿರಂತರವಾಗಿ ಅಳೆಯಲು ಆರಂಭಿಸಿದಾಗ, ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ಸುಮಾರು 315 ಇತ್ತು. 2024ರಲ್ಲಿ ಅದು ಸುಮಾರು 424ಕ್ಕೆ ಏರಿತ್ತು. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರಲ್ಲಿ ಭೂಮಿಯ ಸರಾಸರಿ ಉಷ್ಣಾಂಶ 1850-1900ರ ಅವಧಿಗಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು.

‘ನಾಳಿನ ಮಳೆಯನ್ನೇ ಸರಿಯಾಗಿ ಹೇಳಲಾರದವರು ಐವತ್ತು ವರ್ಷಗಳಾಚೆಯದನ್ನು ಹೇಗೆ ಹೇಳಿಯಾರು?’ ಎಂಬ ಆಕ್ಷೇಪ ಸಾಮಾನ್ಯ. ಇದು ದಿನದ ಹವೆಗೂ ದೀರ್ಘಕಾಲದ ಹವಾಮಾನಕ್ಕೂ ಇರುವ ವ್ಯತ್ಯಾಸವನ್ನು ಮರೆತ ಪ್ರಶ್ನೆ. ಮುಂದಿನ ವರ್ಷ ಏಪ್ರಿಲ್ 10ರಂದು ಬೆಂಗಳೂರಿನಲ್ಲಿ ಎಷ್ಟು ಬಿಸಿಲಿರುತ್ತದೆಂದು ಯಾರೂ ಹೇಳಲಾರರು. ಆದರೆ ಅಲ್ಲಿನ ಏಪ್ರಿಲ್ ತಿಂಗಳು ಡಿಸೆಂಬರ್‌ಗಿಂತ ಬಿಸಿಯಾಗಿರುತ್ತದೆಂದು ಎಲ್ಲರೂ ಹೇಳಬಲ್ಲರು. ಮೊದಲನೆಯದು ಒಂದು ದಿನದ ಭವಿಷ್ಯ. ಎರಡನೆಯದು ಸೂರ್ಯನಿಂದ ಬರುವ ಶಾಖದ ಲೆಕ್ಕ. ಹವಾಮಾನ ವಿಜ್ಞಾನ ಮಾಡುವುದು ಈ ಎರಡನೆಯ ಬಗೆಯ ಲೆಕ್ಕವನ್ನು.

ಗದ್ದೆಯ ಮೀಥೇನ್: ಸಂದೇಹವೇ ಗೆದ್ದಾಗ

ಮೊದಲ ಸಂದೇಹ ಎದ್ದದ್ದು 1990ರ ಆಸುಪಾಸಿನಲ್ಲಿ. ರಿಯೊ ಡಿ ಜನೈರೊದ ಭೂ ಶೃಂಗಸಭೆಗೆ ಸಿದ್ಧತೆ ನಡೆಯುತ್ತಿದ್ದ ಕಾಲವದು. ಹಸಿರುಮನೆ ಅನಿಲಗಳನ್ನು ಯಾವ ದೇಶ ಎಷ್ಟು ಹೊರಸೂಸುತ್ತಿದೆ ಎಂಬ ಪಟ್ಟಿಗಳು ಸಿದ್ಧವಾಗುತ್ತಿದ್ದವು. ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ಪಟ್ಟಿಯಲ್ಲಿ ಭಾರತ ಐದನೆಯ ಸ್ಥಾನದಲ್ಲಿತ್ತು. ಕಾರು-ಕಾರ್ಖಾನೆಗಳಷ್ಟೇ ಅಲ್ಲ, ಭತ್ತದ ಗದ್ದೆ ಮತ್ತು ದನಕರುಗಳಿಂದ ಹೊರಬೀಳುವ ಮೀಥೇನ್ ಕೂಡ ಈ ಸ್ಥಾನಕ್ಕೆ ಕಾರಣವಾಗಿತ್ತು. ಭಾರತದ ಗದ್ದೆಗಳೊಂದರಿಂದಲೇ ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್ ಹೊರಬೀಳುತ್ತದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿತ್ತು.

ಈ ಅಂಕಿ ಎಲ್ಲಿಂದ ಬಂತು? ಭಾರತದ ಗದ್ದೆಗಳಲ್ಲಿ ಅಳೆದದ್ದಲ್ಲ. ಯುರೋಪ್ ಮತ್ತು ಅಮೆರಿಕದ ಗದ್ದೆಗಳಲ್ಲಿ ದೊರೆತ ಪ್ರಮಾಣವನ್ನು ಭಾರತದ ಭತ್ತದ ವಿಸ್ತೀರ್ಣಕ್ಕೆ ಅನ್ವಯಿಸಿ ಪಡೆದದ್ದು. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ಕೊಳೆಯಿಸಿದಾಗ ಮೀಥೇನ್ ಹುಟ್ಟುತ್ತದೆ. ಆದ್ದರಿಂದ ನೀರು ಎಷ್ಟು ದಿನ ನಿಂತಿರುತ್ತದೆ, ಮಣ್ಣಿನಲ್ಲಿ ಸಾವಯವ ಇಂಗಾಲ ಎಷ್ಟಿದೆ ಎಂಬುದರ ಮೇಲೆ ಅದರ ಪ್ರಮಾಣ ನಿಂತಿದೆ. ಕಾಲುವೆ ನೀರಿನಿಂದ ಸದಾ ತುಂಬಿರುವ ಗದ್ದೆಗೂ ಮಳೆಯನ್ನೇ ನಂಬಿ ನಡುನಡುವೆ ಒಣಗುವ ಗದ್ದೆಗೂ ಅಜಗಜಾಂತರ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇ ಆ ಲೆಕ್ಕದ ದೋಷ.

ಇದನ್ನು ಪ್ರಶ್ನಿಸಿದವರು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಭೌತವಿಜ್ಞಾನಿ ಎ.ಪಿ. ಮಿತ್ರ. ಅವರು ಬರೀ ಖಂಡನೆಯ ಹೇಳಿಕೆ ನೀಡಿ ಸುಮ್ಮನಾಗಲಿಲ್ಲ. 1991ರಲ್ಲಿ ಅವರ ನೇತೃತ್ವದಲ್ಲಿ ದೇಶದ ವಿವಿಧ ಭಾಗಗಳ ಗದ್ದೆಗಳಿಗೇ ಹೋಗಿ ಮೀಥೇನನ್ನು ಅಳೆಯುವ ಕಾರ್ಯ ನಡೆಯಿತು. ದೊರೆತ ಉತ್ತರ ವರ್ಷಕ್ಕೆ ಸುಮಾರು 40 ಲಕ್ಷ ಟನ್. ಅಂದರೆ ಮೂಲ ಅಂದಾಜಿನ ಹತ್ತನೇ ಒಂದು ಭಾಗ ಮಾತ್ರ! ಜಾಗತಿಕ ಲೆಕ್ಕವೇ ತಿದ್ದುಪಡಿಯಾಗಬೇಕಾಯಿತು.

ಅದೇ ವರ್ಷ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಹಾಗೂ ಸುನೀತಾ ನಾರಾಯಣ್ ಇನ್ನೊಂದು ಪ್ರಶ್ನೆ ಎತ್ತಿದರು. ಹೊಟ್ಟೆಪಾಡಿಗಾಗಿ ಭತ್ತ ಬೆಳೆಯುವವನ ಮೀಥೇನನ್ನೂ ವಿಲಾಸಕ್ಕಾಗಿ ಕಾರು ಓಡಿಸುವವನ ಹೊಗೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವೇ ಎಂಬುದು ಆ ಪ್ರಶ್ನೆ. ಗಮನಿಸಬೇಕಾದದ್ದೆಂದರೆ, ಮಿತ್ರ ಅವರಾಗಲಿ ಈ ಇಬ್ಬರಾಗಲಿ ಭೂಮಿ ಬಿಸಿಯಾಗುತ್ತಿಲ್ಲ ಎಂದು ವಾದಿಸಲಿಲ್ಲ. ಒಬ್ಬರು ಅಂಕಿಯನ್ನು ಪ್ರಶ್ನಿಸಿದರು, ಉಳಿದವರು ಹೊಣೆಯ ಹಂಚಿಕೆಯನ್ನು.

2035ರ ಹಿಮನದಿ: ತಪ್ಪೂ ನಿಜ, ಕರಗುವಿಕೆಯೂ ನಿಜ

ಎರಡನೆಯ ಸಂದೇಹ ವಿಶ್ವದಾದ್ಯಂತ ಸುದ್ದಿಯಾಯಿತು. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2007ರಲ್ಲಿ ತನ್ನ ನಾಲ್ಕನೆಯ ವರದಿಯನ್ನು ಪ್ರಕಟಿಸಿತು. ಅದೇ ವರ್ಷ ಸಮಿತಿಗೆ ಅಮೆರಿಕದ ಅಲ್ ಗೋರ್ ಜೊತೆ ನೊಬೆಲ್ ಶಾಂತಿ ಪುರಸ್ಕಾರವೂ ಸಂದಿತು. ವರದಿಯ ಎರಡನೆಯ ಸಂಪುಟದ ಏಷ್ಯಾ ಕುರಿತ ಅಧ್ಯಾಯದಲ್ಲಿ ಹಿಮಾಲಯದ ಹಿಮನದಿಗಳು 2035ರ ವೇಳೆಗೆ ಅಥವಾ ಅದಕ್ಕೂ ಮುನ್ನ ಕಣ್ಮರೆಯಾಗುವ ಸಾಧ್ಯತೆ ಅತಿ ಹೆಚ್ಚು ಎಂಬ ವಾಕ್ಯವಿತ್ತು.

2009ರ ನವೆಂಬರ್‌ನಲ್ಲಿ ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಒಂದು ಚರ್ಚಾಪತ್ರವನ್ನು ಬಿಡುಗಡೆ ಮಾಡಿದರು. ಅದನ್ನು ಬರೆದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ನಿವೃತ್ತ ಉಪ ಮಹಾನಿರ್ದೇಶಕ ವಿ.ಕೆ. ರೈನಾ. ಹಿಮನದಿಗಳು ಹಿಂದೆ ಸರಿಯುತ್ತಿದ್ದರೂ ಆ ವೇಗ ಅಸಹಜವೆನ್ನಲು, ಅದಕ್ಕೆ ಭೂತಾಪ ಏರಿಕೆಯೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ ಎಂಬುದು ಅವರ ವಾದ. ಐಪಿಸಿಸಿಯ ಅಂದಿನ ಅಧ್ಯಕ್ಷ ರಾಜೇಂದ್ರ ಪಚೌರಿ ಇದನ್ನು ಮಾಟಮಂತ್ರದ ವಿಜ್ಞಾನವೆಂಬಂತೆ ಹೀಗಳೆದರು.

ಆದರೆ ಎರಡೇ ತಿಂಗಳಲ್ಲಿ ಪರಿಸ್ಥಿತಿ ತಿರುವುಮುರುವಾಯಿತು. 2035 ಎಂಬ ಇಸವಿಯ ಜಾಡು ಹಿಡಿದು ಹೋದವರಿಗೆ ವೈಜ್ಞಾನಿಕ ಅಧ್ಯಯನ ಯಾವುದೂ ಸಿಗಲಿಲ್ಲ. ಐಪಿಸಿಸಿ ಅದನ್ನು ವನ್ಯಜೀವಿ ಸಂಘಟನೆಯೊಂದರ 2005ರ ವರದಿಯಿಂದ ಎತ್ತಿಕೊಂಡಿತ್ತು. ಆ ವರದಿ ಅದನ್ನು 1999ರ ಪತ್ರಿಕಾ ಲೇಖನವೊಂದರಿಂದ ಪಡೆದಿತ್ತು. ಆ ಲೇಖನಕ್ಕೆ ಆಧಾರ ತಜ್ಞರೊಬ್ಬರೊಡನೆ ನಡೆಸಿದ ಸಂದರ್ಶನ. ಅದೇ ಭಾಗದಲ್ಲಿ ಹಿಮನದಿಗಳ ವಿಸ್ತೀರ್ಣ 5 ಲಕ್ಷ ಚದರ ಕಿಲೋಮೀಟರ್‌ಗಳಿಂದ 1 ಲಕ್ಷಕ್ಕೆ ಕುಗ್ಗುತ್ತದೆಂದೂ ಬರೆಯಲಾಗಿತ್ತು. ಹಿಮಾಲಯದ ಹಿಮನದಿಗಳ ನಿಜ ವಿಸ್ತೀರ್ಣ 5 ಲಕ್ಷದ ಹತ್ತನೇ ಒಂದು ಭಾಗವೂ ಇಲ್ಲ. ಕರಡನ್ನು ಪರಿಶೀಲಿಸಿದವರಲ್ಲಿ ಕೆಲವರು ಈ ಭಾಗದ ಬಗ್ಗೆ ಪ್ರಶ್ನೆ ಎತ್ತಿದ್ದರೂ ಅದು ಹಾಗೆಯೇ ಮುದ್ರಣಕ್ಕೆ ಹೋಗಿತ್ತು. 2010ರ ಜನವರಿ 20ರಂದು ಐಪಿಸಿಸಿ ವಿಷಾದ ವ್ಯಕ್ತಪಡಿಸಿತು.

ಇದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಇನ್ನೊಂದು ಪ್ರಕರಣ ನಡೆದಿತ್ತು. 2009ರ ನವೆಂಬರ್‌ನಲ್ಲಿ, ಕೋಪನ್‌ಹೇಗನ್ ಸಮ್ಮೇಳನಕ್ಕೆ ಕೆಲವೇ ದಿನಗಳಿದ್ದಾಗ, ಈಸ್ಟ್ ಆಂಗ್ಲಿಯ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿಗಳ ಸಾವಿರಕ್ಕೂ ಹೆಚ್ಚು ಇ-ಮೇಲ್‌ಗಳನ್ನು ಕದ್ದು ಬಹಿರಂಗಪಡಿಸಲಾಯಿತು. ವಿಜ್ಞಾನಿಗಳು ಅಂಕಿಅಂಶ ತಿರುಚಿದ್ದಾರೆಂಬ ಆರೋಪ ಎದ್ದಿತು. 2010ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೂ ಸೇರಿದಂತೆ ಹಲವು ತನಿಖೆಗಳು ನಡೆದವು. ತಿರುಚಿದ್ದಕ್ಕೆ ಪುರಾವೆ ದೊರೆಯಲಿಲ್ಲ. ಆದರೆ ಕೇಳಿದವರಿಗೆ ಮಾಹಿತಿ ಕೊಡುವಲ್ಲಿ ಅವರು ಮುಕ್ತರಾಗಿರಲಿಲ್ಲ ಎಂಬ ಟೀಕೆಯನ್ನು ತನಿಖೆಗಳು ಮುಚ್ಚಿಡಲಿಲ್ಲ.

ಈ ಎರಡು ಪ್ರಕರಣಗಳ ನಂತರ ಜನರ ವಿಶ್ವಾಸ ಅಲುಗಾಡಿದ್ದು ಸಹಜವೇ. ಐಪಿಸಿಸಿಯ ಕಾರ್ಯವಿಧಾನವನ್ನು ಪರಿಶೀಲಿಸಿದ ವಿವಿಧ ದೇಶಗಳ ವಿಜ್ಞಾನ ಅಕಾಡೆಮಿಗಳ ಮಂಡಳಿ, ಪರಾಮರ್ಶೆಯ ನಿಯಮಗಳು ಬಿಗಿಯಾಗಬೇಕು, ಹಿತಾಸಕ್ತಿ ಸಂಘರ್ಷ ತಡೆಯುವ ನೀತಿ ಬರಬೇಕು ಎಂದು 2010ರ ಆಗಸ್ಟ್‌ನಲ್ಲಿ ಶಿಫಾರಸು ಮಾಡಿತು.

ಹಾಗಾದರೆ ಹಿಮನದಿಗಳು ಕರಗುತ್ತಿಲ್ಲವೇ? ಇಲ್ಲಿ ಒಂದು ಸೂಕ್ಷ್ಮವಿದೆ. ಹಿಮನದಿಯನ್ನು ಎರಡು ವಿಧದಲ್ಲಿ ಅಳೆಯಬಹುದು. ಅದರ ತುದಿ ಎಷ್ಟು ಹಿಂದೆ ಸರಿಯಿತು ಎಂದು ನೋಡುವುದು ಒಂದು. ಅದರ ಒಟ್ಟು ಹಿಮರಾಶಿ ಎಷ್ಟು ಕಡಿಮೆಯಾಯಿತು ಎಂದು ನೋಡುವುದು ಇನ್ನೊಂದು. ಕಲ್ಲುಮಣ್ಣಿನ ದಪ್ಪ ಹೊದಿಕೆಯಿರುವ ಹಿಮನದಿಯ ತುದಿ ಇದ್ದಲ್ಲಿಯೇ ಇರುವಂತೆ ಕಂಡರೂ ಅದರ ಮೈ ಸೊರಗುತ್ತಿರಬಹುದು. ಇಸ್ರೊ ಉಪಗ್ರಹ ಚಿತ್ರಗಳ ಆಧಾರದ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು 2,018 ಹಿಮನದಿಗಳನ್ನು ಪರಿಶೀಲಿಸಿ, ಅವುಗಳಲ್ಲಿ 1,752ರ ತುದಿ ಸುಮಾರು ಹತ್ತು ವರ್ಷಗಳಲ್ಲಿ ಸ್ಥಿರವಾಗಿತ್ತೆಂದು ಹೇಳಿತು. ಸಂದೇಹವಾದಿಗಳಿಗೆ ಇದು ಪ್ರಿಯವಾದ ಅಂಕಿ.

ಆದರೆ ದೀರ್ಘಾವಧಿಯ ಚಿತ್ರ ಬೇರೆ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೆ ಹೆಸರು ಗುರುತಿಸಿಕೊಂಡಿರುವ ಹಿಮನದಿ ತಜ್ಞ ಅನಿಲ್ ಕುಲಕರ್ಣಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಿನಾಬ್, ಪಾರ್ವತಿ ಮತ್ತು ಬಾಸ್ಪಾ ಕೊಳ್ಳಗಳ 466 ಹಿಮನದಿಗಳು 1962ರಿಂದೀಚೆಗೆ ತಮ್ಮ ವಿಸ್ತೀರ್ಣದಲ್ಲಿ ಶೇ 21ರಷ್ಟನ್ನು ಕಳೆದುಕೊಂಡಿದ್ದವು. ಅಮೆರಿಕದ ಹಳೆಯ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳನ್ನು ಬಳಸಿ ಸುಮಾರು 650 ಹಿಮನದಿಗಳ ದಪ್ಪವನ್ನು ಲೆಕ್ಕ ಹಾಕಿದ 2019ರ ಅಧ್ಯಯನವು, 2000ದಿಂದೀಚಿನ ಹಿಮನಷ್ಟದ ವೇಗ ಅದರ ಹಿಂದಿನ ಕಾಲು ಶತಮಾನದ ಇಮ್ಮಡಿ ಎಂದು ತೋರಿಸಿತು. 2035ರಲ್ಲಿ ಹಿಮಾಲಯ ಬರಿದಾಗುವುದಿಲ್ಲ ನಿಜ. ಆದರೆ ಅದು ಕರಗುತ್ತಿರುವುದೂ ಅಷ್ಟೇ ನಿಜ. ತಪ್ಪು ಇಸವಿಯನ್ನು ಹಿಡಿದವರು ಸರಿಯಾಗಿದ್ದರು. ಆ ತಪ್ಪಿನಿಂದ ‘ಏನೂ ಆಗುತ್ತಿಲ್ಲ’ ಎಂಬ ತೀರ್ಮಾನಕ್ಕೆ ಜಿಗಿದವರು ಎಡವಿದರು.

ವಿಶ್ವಕಿರಣ: ಪರೀಕ್ಷೆಗೆ ನಿಂತ ವಾದ

ಮೂರನೆಯ ಸಂದೇಹ ಕನ್ನಡಿಗರಿಗೆ ಹತ್ತಿರದ್ದು. ಉಡುಪಿ ಬಳಿಯ ಅದಮಾರಿನವರಾದ, 1975ರಲ್ಲಿ ‘ಆರ್ಯಭಟ’ ಉಪಗ್ರಹವನ್ನು ರೂಪಿಸಿದ ತಂಡದ ನೇತಾರರಾದ, ಇಸ್ರೊದ ಮಾಜಿ ಅಧ್ಯಕ್ಷ ಯು.ಆರ್. ರಾವ್ ಮೂಲತಃ ವಿಶ್ವಕಿರಣಗಳ ಭೌತವಿಜ್ಞಾನಿ. 2011ರ ಜನವರಿಯಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಕೇಂದ್ರ ಪರಿಸರ ಸಚಿವಾಲಯವೇ ಅದನ್ನು ಚರ್ಚೆಗೆ ಬಿಡುಗಡೆ ಮಾಡಿತು.

ವಾದದ ತಿರುಳು ಹೀಗಿತ್ತು: ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದಲ್ಲಿ ವಿದ್ಯುದಾವೇಶದ ಕಣಗಳನ್ನುಂಟುಮಾಡುತ್ತವೆ. ಇವು ಮೋಡದ ಹನಿ ಕಟ್ಟಲು ಬೀಜವಾಗಬಲ್ಲವು. ತಗ್ಗಿನ ಮೋಡಗಳು ಬಿಸಿಲನ್ನು ಹಿಂದಕ್ಕಟ್ಟುತ್ತವೆ. ಸೂರ್ಯನ ಚಟುವಟಿಕೆ ಹೆಚ್ಚಿದಾಗ ವಿಶ್ವಕಿರಣಗಳು ಕಡಿಮೆಯಾಗಿ, ಮೋಡ ಕಡಿಮೆಯಾಗಿ, ಭೂಮಿ ಹೆಚ್ಚು ಬಿಸಿಯಾಗುತ್ತದೆ. ಹಿಂದಿನ 150 ವರ್ಷಗಳಲ್ಲಿ ವಿಶ್ವಕಿರಣಗಳ ತೀವ್ರತೆ ಸುಮಾರು ಶೇ 9ರಷ್ಟು ಇಳಿದಿದ್ದು, ಅದರ ಪರಿಣಾಮ ಇಂಗಾಲದ ಡೈಆಕ್ಸೈಡ್ ಹೆಚ್ಚಳದ ಪರಿಣಾಮದ ಶೇ 60ರಷ್ಟಿದೆ ಎಂದು ರಾವ್ ಲೆಕ್ಕ ಹಾಕಿದರು. ಐಪಿಸಿಸಿಯ ಮುನ್ನಂದಾಜುಗಳನ್ನು ಮರುಪರಿಶೀಲಿಸಬೇಕೆಂಬುದು ಅವರ ನಿಲುವು.

ಇದು ಹುಸಿ ವಾದವಲ್ಲ. ಸಾಧ್ಯವಾದ ಒಂದು ಕಾರ್ಯಕಾರಣ ಸಂಬಂಧವನ್ನು ಅಂಕಿಗಳೊಡನೆ ಮುಂದಿಟ್ಟ ವಾದ. ಆದ್ದರಿಂದಲೇ ಅದನ್ನು ಪರೀಕ್ಷಿಸಲೂ ಸಾಧ್ಯವಾಯಿತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಉಕ್ಕಿನ ದೊಡ್ಡ ಕೋಶದೊಳಗೆ ಕೃತಕ ವಾತಾವರಣ ನಿರ್ಮಿಸಿ, ಅದರ ಮೂಲಕ ಕಣಗಳ ಕಿರಣ ಹಾಯಿಸುವ ‘ಕ್ಲೌಡ್’ ಪ್ರಯೋಗ ನಡೆಯುತ್ತಿತ್ತು. ಕಣಗಳ ಹುಟ್ಟಿಗೆ ವಿಶ್ವಕಿರಣಗಳು ನೆರವಾಗುತ್ತವೆ ಎಂಬುದು ಅಲ್ಲಿ ದೃಢಪಟ್ಟಿತು. ಆದರೆ ಅವುಗಳ ಏರಿಳಿತ ಇಂದಿನ ಹವಾಮಾನವನ್ನು ಗಣನೀಯವಾಗಿ ಬದಲಿಸುವಷ್ಟು ಬಲವಾಗಿಲ್ಲ ಎಂದು 2016ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸಿತು. ಪ್ರಕೃತಿಯೂ ಒಂದು ಪರೀಕ್ಷೆ ನಡೆಸಿತ್ತು. 2009ರಲ್ಲಿ ಸೂರ್ಯ ಶಾಂತನಾಗಿದ್ದಾಗ ವಿಶ್ವಕಿರಣಗಳ ತೀವ್ರತೆ ಬಾಹ್ಯಾಕಾಶ ಯುಗದಲ್ಲೇ ಅಂದಿನವರೆಗಿನ ಗರಿಷ್ಠ ಮಟ್ಟ ಮುಟ್ಟಿತು. ಈ ವಾದ ಸರಿಯಿದ್ದಿದ್ದರೆ ಭೂಮಿ ತಂಪಾಗುವತ್ತ ಸಾಗಬೇಕಿತ್ತು. ಹಾಗಾಗಲಿಲ್ಲ, ಮುಂದಿನ ದಶಕ ಅದರ ಹಿಂದಿನದಕ್ಕಿಂತ ಬಿಸಿಯಾಗಿತ್ತು.

ವಾದ ಉಳಿಯಲಿಲ್ಲವೆಂದ ಮಾತ್ರಕ್ಕೆ ರಾವ್ ಅವರ ಹಿರಿಮೆ ಕುಗ್ಗದು. ಯಾವ ಅಳತೆಯಿಂದ ತನ್ನ ಸರಿತಪ್ಪು ತಿಳಿಯಬಹುದೆಂದು ತಾನೇ ಹೇಳುವ ಸಂದೇಹ, ಸೋತರೂ ವಿಜ್ಞಾನಕ್ಕೆ ಉಪಕಾರ ಮಾಡಿಯೇ ಹೋಗುತ್ತದೆ. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಕೂಡ ಉಷ್ಣಾಂಶದ ದಾಖಲೆಗಳನ್ನು ನಂಬದೆ, ಬರ್ಕ್ಲಿಯಲ್ಲಿ ತಮ್ಮದೇ ತಂಡ ಕಟ್ಟಿ ಮೊದಲಿನಿಂದ ಲೆಕ್ಕ ಹಾಕಿದರು. ತೈಲೋದ್ಯಮಿ ಚಾರ್ಲ್ಸ್ ಕೋಚ್ ಅವರ ಪ್ರತಿಷ್ಠಾನವೂ ಅದಕ್ಕೆ ಹಣ ಕೊಟ್ಟಿತ್ತು. 2012ರಲ್ಲಿ ಅವರು ಭೂಮಿ ಬಿಸಿಯಾಗಿದೆ, ಅದಕ್ಕೆ ಮನುಷ್ಯನೇ ಕಾರಣ ಎಂದು ಬಹಿರಂಗವಾಗಿ ಒಪ್ಪಿಕೊಂಡರು.

ತಯಾರಾದ ಸಂದೇಹ

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯ ಸಂದೇಹವಿದೆ. ಅದು ಉತ್ತರ ಬಯಸುವುದಿಲ್ಲ, ಕಾಲಹರಣ ಬಯಸುತ್ತದೆ. ಅಮೆರಿಕದಲ್ಲಿ ತೈಲ, ಕಲ್ಲಿದ್ದಲು, ವಾಹನ ಉದ್ಯಮಗಳು 1989ರಲ್ಲಿ ‘ಗ್ಲೋಬಲ್ ಕ್ಲೈಮೇಟ್ ಕೊಯಲಿಷನ್’ ಎಂಬ ಕೂಟ ಕಟ್ಟಿಕೊಂಡವು. ಹಸಿರುಮನೆ ಅನಿಲಗಳ ಪಾತ್ರ ಇನ್ನೂ ಖಚಿತವಾಗಿಲ್ಲ ಎಂದು ಅದು ವರ್ಷಗಟ್ಟಲೆ ಪ್ರಚಾರ ಮಾಡಿತು. ಆದರೆ ಆ ಅನಿಲಗಳ ಮೂಲ ವಿಜ್ಞಾನವನ್ನು ಅಲ್ಲಗಳೆಯಲಾಗದು ಎಂದು ಅದರದೇ ತಾಂತ್ರಿಕ ತಜ್ಞರು 1995ರಲ್ಲಿ ಆಂತರಿಕ ಟಿಪ್ಪಣಿಯಲ್ಲಿ ಬರೆದಿದ್ದರು. ನ್ಯಾಯಾಲಯದ ದಾಖಲೆಗಳ ಮೂಲಕ ಈ ಸಂಗತಿ 2009ರಲ್ಲಿ ಬೆಳಕಿಗೆ ಬಂತು. ಎಕ್ಸಾನ್ ಕಂಪನಿಯ ವಿಜ್ಞಾನಿಗಳು 1977ರಿಂದ 2003ರವರೆಗೆ ಮಾಡಿದ್ದ ತಾಪಮಾನದ ಮುನ್ನಂದಾಜುಗಳಲ್ಲಿ ಶೇ 63ರಿಂದ 83ರಷ್ಟು ನಿಖರವಾಗಿದ್ದವೆಂದು 2023ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನವೊಂದು ತೋರಿಸಿತು. ಹವಾಮಾನದ ವಿಷಯದಲ್ಲಿ ಜನರನ್ನು ದಾರಿತಪ್ಪಿಸಿದ ಆರೋಪವನ್ನು ಕಂಪನಿ ನಿರಾಕರಿಸುತ್ತ ಬಂದಿದೆ.

ಮಿತ್ರ ಅವರು ಗದ್ದೆಗಿಳಿದು ಅಳೆದರು. ಈ ಕೂಟ ತನ್ನವರೇ ಹೇಳಿದ್ದನ್ನು ಬದಿಗಿಟ್ಟಿತು. ಎರಡನ್ನೂ ‘ಸಂದೇಹ’ ಎಂಬ ಒಂದೇ ಹೆಸರಿನಿಂದ ಕರೆಯುವುದು ಆ ಪದಕ್ಕೇ ಮಾಡುವ ಅನ್ಯಾಯ.

ವಿಜ್ಞಾನ ಬೇರೆ, ನೀತಿ ಬೇರೆ

ನಮ್ಮಲ್ಲಿ ಅನೇಕರ ಸಂದೇಹದ ಬೇರು ಇರುವುದು ವಿಜ್ಞಾನದಲ್ಲಲ್ಲ, ನ್ಯಾಯದಲ್ಲಿ. ಭಾರತದಲ್ಲಿ ತಲಾ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್. ಅಮೆರಿಕದಲ್ಲಿ ಅದು ಸುಮಾರು 14 ಟನ್. ಬಡ ರಾಷ್ಟ್ರಗಳಿಗೆ 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ನೆರವು ಒದಗಿಸುವುದಾಗಿ ಶ್ರೀಮಂತ ರಾಷ್ಟ್ರಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೊಟ್ಟ ಮಾತು, ಅವರದೇ ಸಂಘಟನೆಯ ಲೆಕ್ಕದಂತೆ, 2022ರವರೆಗೆ ಈಡೇರಲಿಲ್ಲ. 2024ರಲ್ಲಿ ಬಾಕು ಸಮ್ಮೇಳನದಲ್ಲಿ 2035ರ ವೇಳೆಗೆ 30,000 ಕೋಟಿ ಡಾಲರ್ ಎಂಬ ಹೊಸ ಗುರಿ ಅಂಗೀಕಾರವಾದಾಗ ಅದು ತೀರಾ ಅಲ್ಪವೆಂದು ಭಾರತ ಸಭೆಯಲ್ಲಿಯೇ ಆಕ್ಷೇಪಿಸಿತು. ಆಮದಾಗುವ ಉಕ್ಕು, ಅಲ್ಯೂಮಿನಿಯಂಗಳ ಮೇಲೆ ಐರೋಪ್ಯ ಒಕ್ಕೂಟ ರೂಪಿಸಿದ ಇಂಗಾಲ ಶುಲ್ಕವನ್ನೂ ಭಾರತ ವಿರೋಧಿಸಿದೆ.

ಈ ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ಇವು ‘ಯಾರು ಎಷ್ಟು ತೆರಬೇಕು’ ಎಂಬ ಪ್ರಶ್ನೆಗೆ ಸೇರಿದವು. ‘ಭೂಮಿ ಬಿಸಿಯಾಗುತ್ತಿದೆಯೇ’ ಎಂಬುದಕ್ಕೆ ಇವು ಉತ್ತರವಲ್ಲ. ಸಾಲದ ಹಂಚಿಕೆ ಅನ್ಯಾಯವೆಂದು ವಾದಿಸುವವನು ಸಾಲವೇ ಇಲ್ಲವೆಂದು ಹೇಳಿದರೆ ತನ್ನ ವಾದವನ್ನು ತಾನೇ ಕೆಡಿಸಿಕೊಂಡಂತೆ. ಭೂತಾಪ ಏರಿಕೆಯೇ ಸುಳ್ಳಾದರೆ, ಅದಕ್ಕೆ ಕಾರಣರಾದವರಿಂದ ಪರಿಹಾರ ಕೇಳುವ ಹಕ್ಕಾದರೂ ಎಲ್ಲಿಂದ ಬಂತು? 2070ರ ವೇಳೆಗೆ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವ ಗುರಿಯನ್ನು ಭಾರತ 2021ರಲ್ಲಿ ಗ್ಲಾಸ್ಗೊದಲ್ಲಿ ಘೋಷಿಸಿತು. ವಿಜ್ಞಾನವನ್ನು ಒಪ್ಪಿಕೊಂಡೇ ನ್ಯಾಯಕ್ಕಾಗಿ ವಾದಿಸುವ ದಾರಿ ಅದು.

ಆದ್ದರಿಂದ ಮುಂದೊಮ್ಮೆ ಇಂಥ ಸಂದೇಹ ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಬಹುದು. ಅದು ಪ್ರಶ್ನಿಸುತ್ತಿರುವುದು ಒಂದು ಅಂಕಿಯನ್ನೋ, ಇಡೀ ವಿಜ್ಞಾನವನ್ನೋ? ಯಾವ ಅಳತೆ ಬಂದರೆ ಅದು ತನ್ನ ನಿಲುವು ಬದಲಿಸಲು ಸಿದ್ಧ? ಅದರ ತಕರಾರು ಭೂಮಿಯ ಬಿಸಿಯ ಬಗೆಗೋ, ಅದರ ಬಿಲ್ಲಿನ ಬಗೆಗೋ? ಮಿತ್ರ ಅವರ ಸಂದೇಹ ನಮ್ಮ ರೈತನ ಮೇಲೆ ಹೊರಿಸಿದ್ದ ಅಪವಾದವನ್ನು ಇಳಿಸಿತು. ರೈನಾ ಅವರ ಸಂದೇಹ ಜಾಗತಿಕ ಸಂಸ್ಥೆಯೊಂದು ತನ್ನ ಕಾರ್ಯವಿಧಾನ ತಿದ್ದಿಕೊಳ್ಳಲು ನೆರವಾಯಿತು. ರಾವ್ ಅವರ ಸಂದೇಹ ಪರೀಕ್ಷೆಗೊಳಗಾಗಿ ಒಂದು ಸಾಧ್ಯತೆಯ ಬಾಗಿಲು ಮುಚ್ಚಿತು. ಇಂಥ ಸಂದೇಹಗಳು ನಮಗೆ ಇನ್ನೂ ಬೇಕು. ಉತ್ತರ ಬಂದ ಮೇಲೂ ಅದೇ ಪ್ರಶ್ನೆಯನ್ನು ಕೇಳುತ್ತಲೇ ಇರುವ ಸಂದೇಹಕ್ಕೆ ಕಾಯುತ್ತ ಕೂರುವಷ್ಟು ವ್ಯವಧಾನ ಹಿಮಾಲಯಕ್ಕಂತೂ ಇಲ್ಲ.